ಕಿವುಡು ರಿಸೀವರ್ ಮತ್ತು ಟ್ರಿಮ್ಮರ್‌ನ ಎರಡು ಪೀಕ್

ಹೈದರಾಬಾದಿನ ಅಶ್ಹರ್ ಫರ್ಹಾನ್ ಅವರ ಬಿಟ್‌ಎಕ್ಸ್ ಎಂಬ ಹ್ಯಾಮ್ (ಹವ್ಯಾಸಿ) ರೇಡಿಯೋ ಮಾದರಿ ನೋಡಿಕೊಂಡು ಮನೆಯಲ್ಲೇ ಕಟ್ಟಿದ, 40 ಮೀಟರ್ ಅಂದರೆ 7 ಮೆಗಾಹರ್ಟ್ಸ್ ಬ್ಯಾಂಡಿನ ಸೆಟ್ ಇದು; ಕೇಳಲೂ ಆಗುತ್ತದೆ, ಕಳಿಸಲೂ ಆಗುತ್ತದೆ. ಇದರ ರಿಸೀವರ್ ಕಿವುಡಾಗಿ, ಅಂದರೆ ಸಿಗ್ನಲ್ ಹಿಡಿಯದೆ, ಮೂರು ವಾರ ತಲೆ ತಿಂದಿತು. ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ನಿಜವಾಗಲೂ ಕಿವುಡೇ?

ಸ್ಪೀಕರ್‌ನಲ್ಲಿ ಗರ್ ಅಂತ ಜೋರು ಸದ್ದಿತ್ತು. ರಿಸೀವರ್ ಚೆನ್ನಾಗಿದೆ ಅಂದುಕೊಂಡೆ. ಒಂದು ಸಂಜೆ ಚಿಕ್ಕಮಗಳೂರಿನ ಮಳೆಗೆ ಬೀದಿಯ ಕರೆಂಟ್ ಹೋಯಿತು. ಸೆಟ್ ಓಡುತ್ತಿದ್ದುದು 12 ವೋಲ್ಟ್ ಬ್ಯಾಟರಿಯಲ್ಲಿ, ಆದರೂ ಸದ್ದು ನಿಂತೇ ಹೋಯಿತು. ಅಂದರೆ ಅಷ್ಟು ದಿನ ನಾನು ಕೇಳಿದ್ದು ಅಕ್ಕಪಕ್ಕದ ಎಲ್‌ಇಡಿ ಬಲ್ಬು, ಚಾರ್ಜರ್‌ಗಳ ಗಲಾಟೆ! ಆ ನಿಶ್ಶಬ್ದದಲ್ಲೇ ಆಂಟೆನಾ ಪ್ಲಗ್ ಕಿತ್ತೆ, ಹಾಕಿದೆ. ಏನೂ ವ್ಯತ್ಯಾಸವಿಲ್ಲ. 7 ಮೆಗಾಹರ್ಟ್ಸ್‌ನಲ್ಲಿ ಆಕಾಶದ್ದೇ ಸಾಕಷ್ಟು ಸದ್ದಿರುತ್ತದೆ. ಆಂಟೆನಾ ಹಾಕಿದಾಗ ಅದು ಏರಲೇಬೇಕು. ಏರಲಿಲ್ಲ ಅಂದರೆ ರಿಸೀವರ್ ಕಿವುಡೇ.

ಹಿಂದಿನಿಂದ ಮುಂದಕ್ಕೆ

ಸ್ಪೀಕರ್ ಕಡೆಯಿಂದ ಆಂಟೆನಾ ಕಡೆಗೆ ಪರೀಕ್ಷಿಸುತ್ತಾ ಹೋದೆ. ವಾಲ್ಯೂಮ್ ಕಂಟ್ರೋಲ್‌ನ ನಡುವಿನ ಕಾಲಿಗೆ ಸ್ಕ್ರೂಡ್ರೈವರ್ ತಾಗಿಸಿದರೆ ಗುಂಯ್ ಅಂದಿತು, ಆಡಿಯೋ ಸರಿ. ಬಿಎಫ್‌ಒ (ಸಿಗ್ನಲ್‌ನಿಂದ ಮಾತು ಬಿಡಿಸಲು ಬೇಕಾದ ಆಸಿಲೇಟರ್), ಐಎಫ್ (ನಡುವಿನ ಫ್ರೀಕ್ವೆನ್ಸಿಯ ಭಾಗ) ಸರಿ. ಕೇಳುವುದು, ಕಳಿಸುವುದರ ನಡುವೆ ಬದಲಿಸುವ ರಿಲೇಯ ಕಾಂಟ್ಯಾಕ್ಟ್ ಕೂಡ ಸರಿ. ಉಳಿದದ್ದು ಮುಂಭಾಗದ ಬ್ಯಾಂಡ್‌ಪಾಸ್ ಫಿಲ್ಟರ್, ಅಂದರೆ ಬೇಕಾದ ಬ್ಯಾಂಡನ್ನು ಮಾತ್ರ ಒಳಗೆ ಬಿಡುವ, ಕಾಯಿಲ್ ಮತ್ತು ಕೆಪ್ಯಾಸಿಟರ್‌ಗಳ ಭಾಗ.

ನಾನು ಎಡವಿದ್ದು ಇಲ್ಲೇ

ಫಿಲ್ಟರ್‌ನ ಟ್ರಿಮ್ಮರ್ (ತಿರುಗಿಸಿ ಬೆಲೆ ಬದಲಿಸುವ ಪುಟ್ಟ ಕೆಪ್ಯಾಸಿಟರ್) ತಿರುಗಿಸಿದಾಗ ಒಂದು ಕಡೆ ಸದ್ದು ಜಾಸ್ತಿಯಾಗುತ್ತಿತ್ತು. ಪೀಕ್, ಅಂದರೆ ಫಿಲ್ಟರ್ ಸರಿಯಾಗಿ ಟ್ಯೂನ್ ಆಗಿ ಸದ್ದು ತುದಿ ಮುಟ್ಟುವ ಜಾಗ, ಸಿಕ್ಕಿತು ಅಂತ ಬಿಟ್ಟುಬಿಟ್ಟೆ. ಅದು ಪೀಕ್ ಅಲ್ಲ!

ನಿಧಾನಕ್ಕೆ ನೋಡಿ. ಟ್ರಿಮ್ಮರ್‌ನ ಒಂದು ಪೂರ್ತಿ ಸುತ್ತಿನಲ್ಲಿ ಕೆಪ್ಯಾಸಿಟಿ ಕನಿಷ್ಠದಿಂದ ಗರಿಷ್ಠಕ್ಕೆ ಹೋಗಿ, ಮತ್ತೆ ಕನಿಷ್ಠಕ್ಕೆ ಬರುತ್ತದೆ. ನಮಗೆ ಬೇಕಾದ ಬೆಲೆ ನಡುವೆ ಎಲ್ಲೋ ಇದ್ದರೆ, ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಅದನ್ನು ದಾಟುತ್ತೇವೆ. ಹಾಗಾಗಿ ಎರಡು ಪೀಕ್ ಬರಬೇಕು. ಒಂದೇ ಬಂದರೆ ಟ್ರಿಮ್ಮರ್ ತುದಿಗೆ ಬಂದು ನಿಂತಿದೆ, ಇನ್ನೂ ಆಚೆ ಹೋಗಬೇಕು ಆದರೆ ದಾರಿಯಿಲ್ಲ ಅಂತ ಅರ್ಥ.

ಯಾವ ತುದಿ? ಟ್ರಿಮ್ಮರ್‌ಗೆ ಅಡ್ಡಲಾಗಿ 10 ಪಿಕೋಫ್ಯಾರಡ್ ಸುಮ್ನೆ ತಾಗಿಸಿ. ಸದ್ದು ಏರಿದರೆ ಕೆಪ್ಯಾಸಿಟಿ ಸಾಲದು. ಇಳಿದರೆ ಈಗಾಗಲೇ ಜಾಸ್ತಿ, ಅಂದರೆ ಕಾಯಿಲ್‌ನಲ್ಲಿ ಸುತ್ತು ಹೆಚ್ಚಾಗಿದೆ. ನನ್ನದು ಇಳಿಯಿತು.

ಹಾಸನದ ಹಿರಿಯ ಹ್ಯಾಮ್ ಒಬ್ಬರಿಗೆ ಫೋನ್ ಮಾಡಿದೆ. "ಎಷ್ಟು ಸುತ್ತು ಹಾಕಿದ್ದೀಯಪ್ಪ?"

"30 ಸರ್."

"ಉಂಗುರದ ತೂತಿನ ಒಳಗೆ ಎಷ್ಟು ತಂತಿ ಇದೆ, ಎಣಿಸು."

31 ಇತ್ತು. ತಂತಿ ಮೊದಲು ತೂರಿಸಿದ್ದನ್ನು ನಾನು ಸೊನ್ನೆ ಅಂತ ಎಣಿಸಿದ್ದೆ. ಟೊರಾಯ್ಡ್‌ನಲ್ಲಿ (ಉಂಗುರದ ಮೇಲೆ ಸುತ್ತಿದ ಕಾಯಿಲ್‌ನಲ್ಲಿ) ತೂತಿನ ಮೂಲಕ ಒಮ್ಮೆ ಹಾದರೂ ಅದು ಒಂದು ಸುತ್ತೇ.

ಒಂದು ಸುತ್ತಿಗೆ ಏನಾಗುತ್ತದೆ ಅಂತೀರಾ? ಇಂಡಕ್ಟೆನ್ಸ್ (ಕಾಯಿಲ್‌ನ ಬೆಲೆ) ಸುತ್ತಿನ ವರ್ಗಕ್ಕೆ ತಕ್ಕಂತೆ ಏರುತ್ತದೆ, ಫಿಲ್ಟರ್ ಟ್ಯೂನ್ ಆಗುವ ಫ್ರೀಕ್ವೆನ್ಸಿ ಇಂಡಕ್ಟೆನ್ಸ್‌ನ ವರ್ಗಮೂಲಕ್ಕೆ ತಕ್ಕಂತೆ ಇಳಿಯುತ್ತದೆ. ವರ್ಗ, ವರ್ಗಮೂಲ ಎರಡೂ ಹೊಡೆದುಹೋಗುತ್ತವೆ. ಉಳಿಯುವುದು ಬರೀ ಭಾಗಾಕಾರ: 7.1 ಮೆಗಾಹರ್ಟ್ಸ್ × 30 ÷ 31 = 6.87 ಮೆಗಾಹರ್ಟ್ಸ್. ಕ್ಯಾಲ್ಕುಲೇಟರೂ ಬೇಡ ಅಲ್ವಾ! ಇದು ನನ್ನ ಮೆಚ್ಚಿನ ಸೂತ್ರ. ಟಿ50-2 ಎಂಬ ಕೆಂಪು ಉಂಗುರದಲ್ಲಿ 30 ಸುತ್ತಿಗೆ 4.41 ಮೈಕ್ರೋಹೆನ್ರಿ, 31ಕ್ಕೆ 4.71.

ಮೇಲಾಗಿ ಸುತ್ತುಗಳನ್ನು ಒತ್ತೊತ್ತಾಗಿ ಹಾಕಿದ್ದೆ. ಒತ್ತಿದರೂ ಇಂಡಕ್ಟೆನ್ಸ್ ಏರುತ್ತದೆ. ಎರಡೂ ಸೇರಿದ್ದಕ್ಕೆ ಟ್ರಿಮ್ಮರ್‌ಗೆ ದಾರಿ ಉಳಿಯಲಿಲ್ಲ.

ಎರಡೂ ಕಾಯಿಲ್‌ನಿಂದ ಒಂದೊಂದು ಸುತ್ತು ಬಿಚ್ಚಿದೆ. ಉಳಿದದ್ದನ್ನು ಉಂಗುರದ ಮುಕ್ಕಾಲು ಭಾಗಕ್ಕೆ ಹರಡಿದೆ. ತಂತಿಯ ತುದಿಯ ವಾರ್ನಿಷ್ ಬ್ಲೇಡಿನಲ್ಲಿ ಕೆರೆದು ಬೆಸುಗೆ ಹಾಕಿದೆ. ಈಗ ಎರಡು ಪೀಕ್! ಪ್ಲಗ್ ಹಾಕಿದರೆ ಸದ್ದು ಏರುತ್ತದೆ, ಕಿತ್ತರೆ ಇಳಿಯುತ್ತದೆ.

ಈ ಸೆಟ್‌ನಲ್ಲಿ ಟ್ರಾನ್ಸ್‌ಮಿಟ್ ಕೂಡ ಇದೇ ಫಿಲ್ಟರ್ ಮೂಲಕ ಹೋಗುತ್ತದೆ. ಪವರ್ ಕಡಿಮೆ ಅಂತ ಎರಡು ಟ್ರಾನ್ಸಿಸ್ಟರ್ ಬದಲಾಯಿಸಿದ್ದೆ. ಅದೂ ಈಗ ತಾನಾಗಿಯೇ ಏರಿದೆ.