ಗೇಮಿಂಗ್ ಕರ್ಫ್ಯೂ: ರೂಲ್ಸ್ ಮಕ್ಕಳಿಗೆ, ತಪಾಸಣೆ ದೊಡ್ಡೋರಿಗೆ

ಫ್ರೆಂಡ್ಸ್, ಮೈಸೂರಿನ ಮಾನಸಗಂಗೋತ್ರಿ ಕ್ಯಾಂಪಸ್‌ನಲ್ಲಿ ಡಿಸ್ಕಷನ್‌ಗೆ ಕೂರೋಕೆ ಮುಂಚೆ ಆನ್‌ಲೈನ್ ಗೇಮ್‌ಗೆ ಸರ್ಕಾರಗಳು ಹಾಕೋ ಟೈಮ್ ರೂಲ್ಸ್ ಅನ್ನೋ ಈ ಟಾಪಿಕ್ ಒಂದ್ಸಲ ಓದ್ಕೊಂಡ್ ಬನ್ನಿ, ಕಾನ್‌ಸ್ಟಿಟ್ಯೂಷನ್ ಪೇಪರ್‌ಗೂ ಬರತ್ತೆ, ಪ್ರಬಂಧಕ್ಕೂ ಆಗತ್ತೆ. ಸಾಮಾನ್ಯವಾಗಿ ಇದನ್ನ "ಮಕ್ಕಳ ಮೊಬೈಲ್ ಚಟ" ಅಂತ ಬರ್ದು ಮುಗಿಸಿಬಿಡ್ತೀವಿ. ಆದ್ರೆ 18 ದಾಟಿರೋರ ಕಡೆಯಿಂದ ನೋಡಿದ್ರೇನೇ ಈ ಕಾನೂನು ಹೆಂಗೆ ಕೆಲ್ಸ ಮಾಡತ್ತೆ ಅಂತ ಗೊತ್ತಾಗೋದು.

ಮೊದ್ಲು ಒಂದು ವ್ಯತ್ಯಾಸ ತಲೇಲಿ ಇಟ್ಕೊಳ್ಳಿ. ರಾತ್ರಿ ಇಷ್ಟು ಹೊತ್ತಿಂದ ಇಷ್ಟು ಹೊತ್ತು ಆಡಂಗಿಲ್ಲ ಅನ್ನೋದು ಕರ್ಫ್ಯೂ. ದಿನಕ್ಕೆ ಇಷ್ಟೇ ಗಂಟೆ ಅನ್ನೋದು ಮಿತಿ. ಎರಡನ್ನೂ ಕಲಸಿ ಬರೆದ್ರೆ ಉತ್ತರ ಹಳಿ ತಪ್ಪತ್ತೆ.

ಥಾಯ್ಲೆಂಡ್ 2003ರಲ್ಲಿ ಮಾಡಿದ್ದು ನೇರ ಕರ್ಫ್ಯೂ. ರಾಗ್ನರಾಕ್ ಆನ್‌ಲೈನ್ ಅನ್ನೋ ಆಟದ ಹುಚ್ಚು ಜೋರಾಗಿತ್ತು, ಸರ್ಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಗೇಮ್ ಸರ್ವರ್‌ಗಳನ್ನೇ ಬಂದ್ ಮಾಡಿಸ್ತು. ಕಾರಣ ಕೊಟ್ಟಿದ್ದು ಮಕ್ಕಳದ್ದು, ಆದ್ರೆ ಸರ್ವರ್ ಬಂದ್ ಆದ್ಮೇಲೆ ನಲವತ್ತು ವರ್ಷದೋರಿಗೂ ಬಂದೇ ಅಲ್ವಾ. ದಕ್ಷಿಣ ಕೊರಿಯಾ 2011ರ ನವೆಂಬರ್‌ನಿಂದ ಸ್ವಲ್ಪ ಹುಷಾರಾಗಿ ಹೋಯ್ತು, 16 ವರ್ಷ ಆಗದೋರಿಗೆ ಮಾತ್ರ ರಾತ್ರಿ 12ರಿಂದ 6ರವರೆಗೆ ಪಿಸಿ ಆನ್‌ಲೈನ್ ಗೇಮ್ ಇಲ್ಲ ಅಂತ. ಆದ್ರೆ ಯಾರು 16ರ ಒಳಗೆ ಅಂತ ತಿಳ್ಕೊಳ್ಳೋಕೆ ಎಲ್ಲರ ಗುರುತೂ ಚೆಕ್ ಮಾಡ್ಬೇಕು, ಮಕ್ಕಳು ಅಪ್ಪ-ಅಮ್ಮನ ಗುರುತಿನ ನಂಬರ್ ಹಾಕಿ ಒಳಗೆ ಹೋಗ್ತಿದ್ರು, ಮೊಬೈಲ್ ಗೇಮ್‌ಗೆ ರೂಲೇ ಇರ್ಲಿಲ್ಲ, ಎಲ್ರೂ ಅಲ್ಲಿಗೆ ಹೋದ್ರು. 2021ರಲ್ಲಂತೂ ಮೈನ್‌ಕ್ರಾಫ್ಟ್ ಅಕೌಂಟ್ ವ್ಯವಸ್ಥೆ ಬದಲಾದಾಗ ಈ ಕಾನೂನಿನ ದೆಸೆಯಿಂದ ಆ ಆಟ ಕೊರಿಯಾದಲ್ಲಿ ದೊಡ್ಡೋರಿಗೆ ಮಾತ್ರ ಅನ್ನೋ ಪರಿಸ್ಥಿತಿ ಬಂತು, ಮಕ್ಕಳೇ ಹೆಚ್ಚಾಗಿ ಆಡೋ ಆಟ ಅದು! ಜನ ಗಲಾಟೆ ಮಾಡಿದ್ರು, 2022ರ ಜನವರಿ 1ಕ್ಕೆ ಕಾನೂನೇ ಹೋಯ್ತು.

ಚೀನಾದ ಪಾಯಿಂಟ್ ನನಗೆ ಎಲ್ಲಕ್ಕಿಂತ ಮುಖ್ಯ ಅನ್ಸತ್ತೆ. 2021ರ ಸೆಪ್ಟೆಂಬರ್ 1ರಿಂದ ಅಪ್ರಾಪ್ತರಿಗೆ ಶುಕ್ರವಾರ, ಶನಿವಾರ, ಭಾನುವಾರ, ಸರ್ಕಾರಿ ರಜೆ ದಿನ ಮಾತ್ರ ರಾತ್ರಿ 8ರಿಂದ 9, ಒಂದೇ ಗಂಟೆ. ಅದಕ್ಕೂ ಮುಂಚೆ, 2019ರಿಂದಲೇ ಅವರಿಗೆ ರಾತ್ರಿ 10ರಿಂದ ಬೆಳಿಗ್ಗೆ 8ರವರೆಗೆ ನಿಷೇಧ ಇತ್ತು. ಇದನ್ನ ಜಾರಿ ಮಾಡೋಕೆ ಟೆನ್ಸೆಂಟ್ ಕಂಪನಿ 2021ರ ಜುಲೈನಲ್ಲಿ ಏನ್ ಮಾಡ್ತು ಅಂದ್ರೆ, ದೊಡ್ಡೋರ ಹೆಸರಿನ ಅಕೌಂಟ್ ರಾತ್ರಿ ಹೊತ್ತು ಜಾಸ್ತಿ ಆಡ್ತಿದ್ರೆ ಮುಖ ಸ್ಕ್ಯಾನ್ ಕೇಳ್ತು, ಕೊಡಲ್ಲ ಅಂದ್ರೂ, ಸ್ಕ್ಯಾನ್ ಫೇಲ್ ಆದ್ರೂ ನಿಮ್ಮನ್ನ ಅಪ್ರಾಪ್ತ ಅಂತಲೇ ಲೆಕ್ಕ ಹಾಕಿ ಹೊರಗೆ ಹಾಕೋದು. ಅಂದ್ರೆ ದೊಡ್ಡೋನು ಅಂತ ಸಾಬೀತು ಮಾಡೋ ಭಾರ ದೊಡ್ಡೋನ ಮೇಲೇ ಬಿತ್ತು. ಈ ವಾಕ್ಯ ಅಂಡರ್‌ಲೈನ್ ಮಾಡ್ಕೊಳ್ಳಿ.

ಇಲ್ಲೇ ನಮ್ಮ ಸುತ್ತಮುತ್ತ ನೋಡಿ. ನನ್ನ ರೂಮ್‌ಮೇಟ್ ಹೆಬ್ಬಾಳ್ ಇಂಡಸ್ಟ್ರಿಯಲ್ ಏರಿಯಾದಲ್ಲಿ ಸೆಕೆಂಡ್ ಶಿಫ್ಟ್, ಕೆಲ್ಸ ಮುಗಿಸಿ ರೂಮಿಗೆ ಬಂದು, ಬೆಳಗಿನ ಬಸ್ಸಾರು ಬಿಸಿ ಮಾಡ್ಕೊಂಡು ಉಂಡು, ಫೋನ್ ಚಾರ್ಜಿಗೆ ಹಾಕ್ಕೊಂಡೇ ಗೋಡೆಗೆ ಒರಗಿ ಕೂರೋ ಹೊತ್ತಿಗೆ ಹನ್ನೊಂದೂವರೆ, ಆ ಕಡೆ ಮಂಡ್ಯದಿಂದ ಅವರ ಭಾಮೈದ "ಬೇಗ ಬನ್ನಿ ಭಾವ, ಸ್ಕ್ವಾಡ್ ರೆಡಿ" ಅಂತಿರ್ತಾನೆ. ಅವರಿಗೆ ಸಾಯಂಕಾಲ ಅನ್ನೋದೇ ಆವಾಗ. ಕರ್ಫ್ಯೂ ಬರೆಯೋರು ರಾತ್ರಿ ಅಂದ್ರೆ ಎಲ್ರಿಗೂ ನಿದ್ದೆ ಹೊತ್ತು ಅಂತ ಅಂದ್ಕೊಂಡಿರ್ತಾರೆ, ಶಿಫ್ಟ್ ಮಾಡೋ ಜನ ಅವರ ಲೆಕ್ಕಕ್ಕೇ ಬರಲ್ಲ. ಇದು ನನಗೆ ನಿಜವಾಗ್ಲೂ ಬೇಜಾರಾಗೋ ವಿಷ್ಯ.

ನಮ್ಮ ದೇಶದಲ್ಲಿ ದುಡ್ಡಿನ ಆಟ ಬೇರೆ, ಬರೀ ಆಟ ಬೇರೆ ಅಂತ ಹಿಡ್ಕೊಂಡ್ ಬರೀರಿ. ತಮಿಳುನಾಡು 2025ರಲ್ಲಿ ದುಡ್ಡು ಕಟ್ಟಿ ಆಡೋ ಗೇಮ್‌ಗಳಿಗೆ ರಾತ್ರಿ 12ರಿಂದ 5ರವರೆಗೆ ಲಾಗಿನ್ ಇಲ್ಲ, ಜೊತೆಗೆ ಆಧಾರ್ ವೆರಿಫಿಕೇಷನ್ ಕಡ್ಡಾಯ ಅಂತ ತಂತು. ಇದು ದೊಡ್ಡೋರಿಗೇ ಹಾಕಿದ ಕರ್ಫ್ಯೂ, ಯಾಕಂದ್ರೆ 18ರ ಒಳಗಿನೋರಿಗೆ ಅಲ್ಲಿ ಪ್ರವೇಶವೇ ಇರ್ಲಿಲ್ಲ. ಕಂಪನಿಗಳು ಕೋರ್ಟಿಗೆ ಹೋದ್ವು, ಮದ್ರಾಸ್ ಹೈಕೋರ್ಟ್ ಜೂನ್‌ನಲ್ಲಿ ಸಾರ್ವಜನಿಕ ಆರೋಗ್ಯದ ಕಾರಣ ಒಪ್ಕೊಂಡು ಎತ್ತಿ ಹಿಡೀತು. ಸಾಲ ಮಾಡಿ ಮನೆ ಮಠ ಕಳ್ಕೊಳ್ಳೋ ಆಟಕ್ಕೆ ಈ ತಡೆ ಸರಿ ಅಂತಲೇ ನಾನೂ ಹೇಳ್ತೀನಿ. ಆಮೇಲೆ ಆಗಸ್ಟ್‌ನಲ್ಲಿ ಸಂಸತ್ತು ಪಾಸ್ ಮಾಡಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ದುಡ್ಡಿನ ಆಟಗಳನ್ನ ಪೂರ್ತಿ ನಿಷೇಧಿಸ್ತು. ನಮ್ಮ ಕರ್ನಾಟಕದ್ದು ಬಿಡಬೇಡಿ: ದುಡ್ಡು ಕಟ್ಟಿ ಆಡೋ ಆನ್‌ಲೈನ್ ಆಟ ನಿಷೇಧಿಸಿದ್ದ 2021ರ ಪೊಲೀಸ್ ಕಾಯ್ದೆ ತಿದ್ದುಪಡಿನ ನಮ್ಮ ಹೈಕೋರ್ಟ್ 2022ರ ಫೆಬ್ರವರಿ 14ರಂದು ರದ್ದು ಮಾಡ್ತು, ಕೌಶಲದ ಆಟಕ್ಕೆ ಸಂವಿಧಾನದ 19(1)(ಜಿ), ಅಂದ್ರೆ ಉದ್ಯೋಗ-ವ್ಯಾಪಾರ ಮಾಡೋ ಹಕ್ಕಿನ ರಕ್ಷಣೆ ಇದೆ ಅಂತ.

ಬರೀ ಆಟಕ್ಕೆ ಉದಾಹರಣೆ ಬಿಜಿಎಂಐ, ಅಂದ್ರೆ ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ ಅನ್ನೋ ಶೂಟಿಂಗ್ ಗೇಮ್. 2022ರಲ್ಲಿ ಬ್ಲಾಕ್ ಆಗಿ 2023ರ ಮೇನಲ್ಲಿ ವಾಪಸ್ ಬಂದಾಗ ಅಪ್ರಾಪ್ತರಿಗೆ ದಿನಕ್ಕೆ 3 ಗಂಟೆ, ದೊಡ್ಡೋರಿಗೆ 6 ಗಂಟೆ ಅಂತ ಮಿತಿ ಹಾಕಿದ್ರು. ಗಡಿಯಾರದ ಹಂಗಿಲ್ಲ, ನನ್ನ ರೂಮ್‌ಮೇಟ್‌ಗೆ ಇದ್ರಿಂದ ಏನೂ ತೊಂದ್ರೆ ಆಗಲ್ಲ. ಅದಕ್ಕೇ ಕರ್ಫ್ಯೂಗಿಂತ ಗಂಟೆ ಮಿತಿ ವಾಸಿ ಅನ್ನೋದು ನನ್ನ ನಿಲುವು.

ನೀವು ಉಲ್ಟಾ ಬರೆದ್ರೂ ನಡಿಯತ್ತೆ, ಆದ್ರೆ ದೊಡ್ಡೋರು ಕೊಟ್ಟ ಆಧಾರ್, ಮುಖದ ಸ್ಕ್ಯಾನ್ ಯಾವ ಕಂಪನಿ ಹತ್ರ, ಎಷ್ಟು ದಿನ ಇರತ್ತೆ ಅನ್ನೋದನ್ನ ಕೇಳದೇ ಉತ್ತರ ಮುಗಿಸ್ಬೇಡಿ. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್ ಹೇಳಿದ 2017ರ ಪುಟ್ಟಸ್ವಾಮಿ ತೀರ್ಪು, ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳು ಹಾಕಿದ ಕೇಸು, ಅದನ್ನ ಹಾಕ್ಬೇಕಾದ ಜಾಗ ಅದೇ.