ಮದ್ದು ನಾಟುವವರೆಗಿನ ವಾರಗಳು

ಹತ್ತು ಮಾತ್ರೆಗಳ ಸ್ಟ್ರಿಪ್‌ನಲ್ಲಿ ಒಂಬತ್ತು ಗುಳಿಗಳು ಖಾಲಿಯಾಗಿವೆ. ಬೆಳಿಗ್ಗೆ ಅದನ್ನು ಕೈಯಲ್ಲಿ ಹಿಡಿದು, ಹರಿದ ಬೆಳ್ಳಿಹಾಳೆಯ ಮೇಲೆ ಬೆರಳಾಡಿಸುತ್ತ ಎಣಿಸುವವರ ಮನಸ್ಸಿನಲ್ಲಿ ಇರುವುದು ಒಂದೇ ಪ್ರಶ್ನೆ: ಒಂಬತ್ತು ದಿನವಾಯಿತು, ಇನ್ನೂ ಏನೂ ಆಗಲಿಲ್ಲವಲ್ಲ? ಜ್ವರದ ಮಾತ್ರೆ ಗಂಟೆಯೊಳಗೆ ಬೆವರು ಬಿಡಿಸುತ್ತದೆ, ತಲೆನೋವಿನದು ಒಂದು ನಿದ್ದೆ ಮುಗಿಯುವಷ್ಟರಲ್ಲಿ ತನ್ನ ಕೆಲಸ ಮಾಡಿರುತ್ತದೆ. ಖಿನ್ನತೆಗೆ ಕೊಡುವ ಮಾತ್ರೆಯ ವಿಷಯದಲ್ಲಿ ಮಾತ್ರ ವೈದ್ಯರು ನಾಲ್ಕರಿಂದ ಎಂಟು ವಾರ ಕಾದು ನೋಡೋಣ ಎನ್ನುತ್ತಾರೆ. ಜನರ ನಡುವೆ ಹೋಗಲು, ಮಾತಾಡಲು ಭಯಪಡಿಸುವ ಸಾಮಾಜಿಕ ಆತಂಕವೂ ಜೊತೆಗಿದ್ದರೆ ಈ ಅವಧಿ ಹನ್ನೆರಡು ವಾರಗಳವರೆಗೂ ಹಿಗ್ಗಬಹುದು. ನಾಳೆಯ ಮೇಲೆ ನಂಬಿಕೆ ಕಳೆದುಕೊಳ್ಳುವುದೇ ಯಾವ ಕಾಯಿಲೆಯ ಲಕ್ಷಣವೋ ಆ ಕಾಯಿಲೆಯವರಿಗೇ ಇಷ್ಟು ತಾಳ್ಮೆಯನ್ನು ಚೀಟಿಯಲ್ಲಿ ಬರೆದುಕೊಡಬೇಕಾಗಿ ಬಂದಿರುವುದು ವೈದ್ಯವಿಜ್ಞಾನದ ದೊಡ್ಡ ಇರುಸುಮುರುಸುಗಳಲ್ಲಿ ಒಂದು.

ಈ ವಿಳಂಬ ಹೊಸದೂ ಅಲ್ಲ. ಮೊದಲ ಖಿನ್ನತೆ ನಿವಾರಕಗಳು 1950ರ ದಶಕದಲ್ಲಿ ಹೆಚ್ಚುಕಡಿಮೆ ಆಕಸ್ಮಿಕವಾಗಿ ದೊರೆತವು. ಕ್ಷಯಕ್ಕೆಂದು ಪ್ರಯೋಗಿಸುತ್ತಿದ್ದ ಇಪ್ರೊನಿಯಜಿಡ್ ರೋಗಿಗಳನ್ನು ಗೆಲುವಾಗಿಸುತ್ತಿದೆ ಎಂಬುದು ಕಣ್ಣಿಗೆ ಬಿತ್ತು. ಸ್ವಿಟ್ಜರ್ಲೆಂಡಿನ ಮನೋವೈದ್ಯ ರೋಲಾಂಡ್ ಕೂನ್ 1957ರಲ್ಲಿ ಇಮಿಪ್ರಮಿನ್ ಎಂಬ ಔಷಧಿ ಖಿನ್ನತೆಯನ್ನು ಇಳಿಸುತ್ತದೆ ಎಂದು ವರದಿ ಮಾಡಿದರು. ಅಮೆರಿಕದಲ್ಲಿ 1987ರಲ್ಲಿ ಫ್ಲುಆಕ್ಸೆಟಿನ್‌ಗೆ ಅನುಮತಿ ಸಿಕ್ಕ ಮೇಲೆ ಹೊಸ ಪೀಳಿಗೆಯ ಮಾತ್ರೆಗಳು ಬಂದವು, ಅಡ್ಡಪರಿಣಾಮಗಳು ತಗ್ಗಿದವು, ಆದರೆ ಕಾಯುವ ವಾರಗಳು ಹಾಗೆಯೇ ಉಳಿದವು.

ಕಾಯಬೇಕಾದದ್ದು ಏಕೆ ಎಂಬ ಪ್ರಶ್ನೆಗೆ ಔಷಧಿ ನಿಧಾನ ಎಂಬ ಉತ್ತರ ಸರಿಯಲ್ಲ. ನರಕೋಶವೊಂದು ಪಕ್ಕದ ಕೋಶಕ್ಕೆ ಸಂದೇಶ ಕಳುಹಿಸಲು ಸೆರೊಟೋನಿನ್ ಎಂಬ ರಾಸಾಯನಿಕವನ್ನು ನಡುವಿನ ಸಂದಿಗೆ ಸುರಿಯುತ್ತದೆ, ಕೆಲಸ ಮುಗಿದ ಮೇಲೆ ಅದನ್ನು ಮತ್ತೆ ಒಳಗೆಳೆದುಕೊಳ್ಳುತ್ತದೆ. ಎಸ್ಸಿಟಲೊಪ್ರಾಮ್, ಸರ್ಟ್ರಲಿನ್ ಮುಂತಾದ ಮಾತ್ರೆಗಳು ಈ ಒಳಗೆಳೆಯುವ ದಾರಿಯನ್ನು ಕೆಲವೇ ಗಂಟೆಗಳಲ್ಲಿ ಮುಚ್ಚುತ್ತವೆ. ಆದರೆ ಮೆದುಳಿಗೆ ತನ್ನದೇ ಆದ ಕಾವಲು ಇದೆ. ಮೇಲ್ತೊಟ್ಟಿಯಲ್ಲಿ ನೀರು ಏರಿದ ಹಾಗೆ ತೇಲುಗುಂಡು ಮೇಲೆದ್ದು ನಲ್ಲಿಯನ್ನು ಮುಚ್ಚುವುದನ್ನು ನೆನೆಯಿರಿ. ಸೆರೊಟೋನಿನ್ ತಯಾರಿಸುವ ಕೋಶಗಳ ಮೇಲೂ ಅದರ ಮಟ್ಟವನ್ನು ಗುರುತಿಸುವ ಅಂಥದೇ ಗ್ರಾಹಕಗಳು (ರಿಸೆಪ್ಟರ್‌ಗಳು) ಇದ್ದು, ಸುತ್ತ ಸೆರೊಟೋನಿನ್ ಹೆಚ್ಚಿದ ಕೂಡಲೇ 'ಇನ್ನು ಸಾಕು' ಎಂಬ ಸಂಕೇತ ಕೊಟ್ಟು ಆ ಕೋಶಗಳ ಚಟುವಟಿಕೆಯನ್ನೇ ತಗ್ಗಿಸುತ್ತವೆ. ಹಾಗಾಗಿ ಮಾತ್ರೆ ಒಂದು ಕೈಯಿಂದ ಕೊಟ್ಟದ್ದನ್ನು ಮೆದುಳು ಇನ್ನೊಂದು ಕೈಯಿಂದ ಕಿತ್ತುಕೊಳ್ಳುತ್ತದೆ. ದಿನವೂ ಅದೇ ಒತ್ತಡ ಬಿದ್ದು, ಎರಡು ಮೂರು ವಾರಗಳಲ್ಲಿ ಈ ಕಾವಲು ಗ್ರಾಹಕಗಳು ಮಂದವಾದ ಮೇಲಷ್ಟೇ ಹರಿವು ನಿಜವಾಗಿ ಏರುತ್ತದೆ.

ಅಷ್ಟಕ್ಕೇ ಕಥೆ ಮುಗಿಯುವುದಿಲ್ಲ. ಖಿನ್ನತೆಯೆಂದರೆ ಸೆರೊಟೋನಿನ್ ಕೊರತೆ, ಮಾತ್ರೆಯೆಂದರೆ ಅದನ್ನು ತುಂಬುವುದು ಎಂಬ ಸರಳ ವಿವರಣೆ ಬಹುಕಾಲ ಚಲಾವಣೆಯಲ್ಲಿತ್ತು. ಅದನ್ನು ಬೆಂಬಲಿಸುವ ಪುರಾವೆ ದುರ್ಬಲ ಎಂಬುದನ್ನು ಹಿಂದಿನ ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ 2022ರಲ್ಲಿ ಪ್ರಕಟವಾದ ದೊಡ್ಡ ಅವಲೋಕನವೊಂದು ಎತ್ತಿ ತೋರಿಸಿತು. ಮಾತ್ರೆ ಉಪಯೋಗಕ್ಕೆ ಬಾರದು ಎಂಬುದು ಇದರ ಅರ್ಥವಲ್ಲ, ಕೊರತೆ ತುಂಬುವುದಕ್ಕಿಂತ ಜಟಿಲವಾದದ್ದೇನೋ ನಡೆಯುತ್ತದೆ ಎಂದಷ್ಟೇ. ಇಲಿಗಳ ಮೇಲೆ ನಡೆದು 2003ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ನೆನಪಿಗೆ ಸಂಬಂಧಿಸಿದ ಹಿಪೊಕ್ಯಾಂಪಸ್ ಎಂಬ ಭಾಗದಲ್ಲಿ ಹೊಸ ನರಕೋಶಗಳು ಹುಟ್ಟದಂತೆ ಎಕ್ಸ್‌ರೇ ಹಾಯಿಸಿದಾಗ ಖಿನ್ನತೆ ನಿವಾರಕಗಳು ಆ ಇಲಿಗಳ ವರ್ತನೆಯಲ್ಲಿ ಎಂದಿನ ಬದಲಾವಣೆ ತರಲಿಲ್ಲ. ಹೊಸ ಕೋಶ ಹುಟ್ಟಿ, ಬೆಳೆದು, ನೆರೆಕೋಶಗಳೊಂದಿಗೆ ಸಂಬಂಧ ಬೆಸೆಯಲು ವಾರಗಳೇ ಬೇಕು. ಮನುಷ್ಯರಲ್ಲೂ ಇದೇ ಕಾರಣ ಎಂದು ಇಷ್ಟರಿಂದಲೇ ಹೇಳುವಂತಿಲ್ಲ.

ನನ್ನ ಮಟ್ಟಿಗೆ ಇವೆಲ್ಲಕ್ಕಿಂತ ಕುತೂಹಲಕರವಾದದ್ದು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕಿ ಕ್ಯಾಥರೀನ್ ಹಾರ್ಮರ್ ಮತ್ತು ಸಂಗಡಿಗರ ಕೆಲಸ. ಇವರು ಕೇಳಿದ ಪ್ರಶ್ನೆಯೇ ಬೇರೆ: ಮನಸ್ಸು ಹಗುರಾಗುವ ಮುಂಚೆ ನೋಟ ಬದಲಾಗುತ್ತದೆಯೇ? ಆರೋಗ್ಯವಂತ ಸ್ವಯಂಸೇವಕರಿಗೆ ಸಿಟಲೊಪ್ರಾಮ್ ಎಂಬ ಖಿನ್ನತೆ ನಿವಾರಕ ಕೊಟ್ಟು, ಭಯ, ಸಂತೋಷ, ಕೋಪದ ಭಾವವಿರುವ ಮುಖಗಳ ಚಿತ್ರ ತೋರಿಸಿದರು. ಒಂದೇ ಬಾರಿ ಔಷಧಿ ಪಡೆದವರು ಭಯದ ಮುಖಗಳನ್ನು ಇನ್ನೂ ಚುರುಕಾಗಿ ಗುರುತಿಸಿದರು. ಏಳು ದಿನ ಪಡೆದವರಲ್ಲಿ ಇದು ತಿರುಗುಮುರುಗಾಗಿ, ಅಪಾಯದ ಸುಳಿವಿಗೆ ಸ್ಪಂದಿಸುವ ಅಮಿಗ್ಡಲಾ ಎಂಬ ಭಾಗ ಭಯದ ಮುಖಗಳಿಗೆ, ಔಷಧಿಯಿಲ್ಲದ ಹುಸಿ ಮಾತ್ರೆ ಪಡೆದವರಲ್ಲಿಗಿಂತ ಕಡಿಮೆ ಮಿಡಿಯಿತು. ಅಷ್ಟು ಹೊತ್ತಿಗೆ ತಮ್ಮ ಮನಸ್ಥಿತಿ ಬದಲಾಗಿದೆ ಎಂದು ಅವರಿಗೆ ಅನ್ನಿಸಿರಲಿಲ್ಲ. ಹಾರ್ಮರ್ ಅವರ ವಾದ ಇದು: ಔಷಧಿ ನೇರವಾಗಿ ಸಂತೋಷವನ್ನು ಉಂಟುಮಾಡುವುದಿಲ್ಲ, ಲೋಕವನ್ನು ಕೆಟ್ಟದ್ದಾಗಿಯೇ ಓದುವ ಅಭ್ಯಾಸವನ್ನು ಮೊದಲು ಸಡಿಲಿಸುತ್ತದೆ, ಹೀಗೆ ಸಡಿಲಗೊಂಡ ಓದು ದಿನದಿನದ ಅನುಭವಗಳೊಂದಿಗೆ ಸೇರಿಕೊಂಡು, ನಿಧಾನವಾಗಿ ಮನಸ್ಸು ಮೇಲೇಳುತ್ತದೆ.

ಈ ವಾದ ಸರಿಯಾದರೆ ಕಾಯುವ ವಾರಗಳಿಗೆ ಬೇರೆಯೇ ಅರ್ಥ ಬರುತ್ತದೆ. ಕದ ಹಾಕಿಕೊಂಡು ಮಲಗಿರುವವರ ಎದುರಿಗೆ ಹೊಸದಾಗಿ ಓದಬೇಕಾದ ಮುಖಗಳೇ ಇರುವುದಿಲ್ಲ. ಸಾಮಾಜಿಕ ಆತಂಕ ಮತ್ತು ಖಿನ್ನತೆ ಒಂದಕ್ಕೊಂದು ಗಂಟು ಬೀಳುವುದೂ ಇಲ್ಲಿಯೇ: ಆತಂಕ ಜನರಿಂದ ದೂರವಿಡುತ್ತದೆ, ಆ ಒಂಟಿತನ ಖಿನ್ನತೆಗೆ ಮೇವಾಗುತ್ತದೆ, ಖಿನ್ನತೆ ಬಂದ ಮೇಲೆ ಹೊರಗೆ ಹೋಗುವ ಕಸುವೂ ಉಳಿಯುವುದಿಲ್ಲ. ಅಮೆರಿಕದ ಮನೋವಿಜ್ಞಾನಿ ಪೀಟರ್ ಲೆವಿನ್ಸನ್ 1970ರ ದಶಕದಲ್ಲಿ ರೂಪಿಸಿದ ಚಿಂತನೆಯಿಂದ ಬೆಳೆದ ಚಿಕಿತ್ಸೆಯೊಂದು ಇದನ್ನು ಹಿಂದುಮುಂದು ಮಾಡಿ ಬಿಡಿಸಲು ನೋಡುತ್ತದೆ. ಮನಸ್ಸಾದ ಮೇಲೆ ಮಾಡೋಣ ಎಂದು ಕಾಯದೆ, ಬಹಳ ಚಿಕ್ಕ ಕೆಲಸವನ್ನು ಗೊತ್ತಾದ ಹೊತ್ತಿಗೆ ಮಾಡುವುದು, ಮನಸ್ಸು ಹಿಂದೆ ಬರಲಿ ಎಂದು ಬಿಡುವುದು. ಚಿಕ್ಕದು ಎಂದರೆ ನಿಜಕ್ಕೂ ಚಿಕ್ಕದು. ಮಧ್ಯಾಹ್ನದವರೆಗೆ ಹಾಸಿಗೆಯಲ್ಲಿರುವವರಿಗೆ ದಿನಕ್ಕೆ ಅರ್ಧ ಗಂಟೆ ವ್ಯಾಯಾಮ ಎನ್ನುವುದು ಸಲಹೆಯಲ್ಲ, ಇನ್ನೊಂದು ಸೋಲಿಗೆ ಕೊಟ್ಟ ಆಹ್ವಾನ. ಹತ್ತು ಗಂಟೆಗೆ ಮುಖ ತೊಳೆದು ಬೀದಿಯ ತಿರುವಿನವರೆಗೆ ನಡೆದು ಬರುವುದು ಸಾಧ್ಯವಾಗಬಹುದು.

ಸಾಮಾಜಿಕ ಆತಂಕ ಇರುವವರಿಗೆ ಜನರೆದುರು ಏನಾಗುತ್ತದೆ ಎಂಬುದನ್ನು ಮನೋವಿಜ್ಞಾನಿಗಳಾದ ಡೇವಿಡ್ ಕ್ಲಾರ್ಕ್ ಮತ್ತು ಏಡ್ರಿಯನ್ ವೆಲ್ಸ್ 1995ರಲ್ಲಿ ವಿವರಿಸಿದರು. ಒಂದು ಫೋನ್ ಕರೆಯನ್ನೇ ತೆಗೆದುಕೊಳ್ಳಿ. ಮೊದಲ ವಾಕ್ಯವನ್ನು ನಾಲ್ಕು ಸಲ ಮನಸ್ಸಿನಲ್ಲೇ ಉರು ಹಾಕಿ, ಸಂಖ್ಯೆ ಒತ್ತಿ, ಆ ಕಡೆಯಿಂದ 'ಹಲೋ' ಬರುವಷ್ಟರಲ್ಲಿ ಗಮನವೆಲ್ಲ ತನ್ನ ದನಿಯ ನಡುಕದ ಮೇಲೆ ನಿಂತಿರುತ್ತದೆ. ಎದುರಿನವರು ಏನು ಹೇಳಿದರೆಂಬುದು ಅರ್ಧ ಕೇಳಿಸಿರುತ್ತದೆ, ಅರ್ಧ ಇಲ್ಲ. ಮಾತು ಚೆನ್ನಾಗಿಯೇ ಮುಗಿದರೂ, ಉರು ಹಾಕಿದ್ದರಿಂದ ಬಚಾವಾದೆ ಎಂದುಕೊಳ್ಳುವ ಮನಸ್ಸಿಗೆ ಭಯ ಸುಳ್ಳೆಂದು ಕಲಿಯುವ ಅವಕಾಶವೇ ತಪ್ಪಿಹೋಗುತ್ತದೆ. ಆದ್ದರಿಂದ ಈ ವಾರಗಳಲ್ಲಿ ಮಾಡಿ ನೋಡಬಹುದಾದದ್ದು ಧೈರ್ಯದ ಪ್ರದರ್ಶನವಲ್ಲ, ಗಮನವನ್ನು ಹೊರಗೆ ತಿರುಗಿಸುವ ಪುಟ್ಟ ಅಭ್ಯಾಸ: ಆ ಕಡೆಯವರ ದನಿ ದಣಿದಿದೆಯೇ, ಹಿಂದೆ ಯಾವ ಸದ್ದು ಕೇಳಿಸುತ್ತಿದೆ, ಅವರು ಕೇಳಿದ್ದೇನು. ನಮ್ಮನ್ನು ಇತರರು ಎಷ್ಟು ಗಮನಿಸುತ್ತಾರೆಂಬ ಲೆಕ್ಕ ಹೇಗಿದ್ದರೂ ತಪ್ಪುವಂಥದೇ. ಅಮೆರಿಕದ ಸಂಶೋಧಕರು 2000ದಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮುಜುಗರ ತರುವ ಚಿತ್ರವಿರುವ ಟೀ ಶರ್ಟ್ ತೊಟ್ಟು ಕೋಣೆಗೆ ಹೋದ ವಿದ್ಯಾರ್ಥಿಗಳು ಅರ್ಧದಷ್ಟು ಜನ ಅದನ್ನು ಗಮನಿಸಿರುತ್ತಾರೆ ಎಂದು ಊಹಿಸಿದರು. ಗಮನಿಸಿದ್ದವರು ಕಾಲು ಭಾಗದಷ್ಟೇ. ಆ ವಿದ್ಯಾರ್ಥಿಗಳು ಆತಂಕದ ರೋಗಿಗಳೇನೂ ಆಗಿರಲಿಲ್ಲ.

ಮೊದಲ ಎರಡು ವಾರ ಕೆಲವರಿಗೆ ಇನ್ನಷ್ಟು ಕಷ್ಟದ್ದಾಗಿರುತ್ತದೆ ಎಂಬುದನ್ನು ಮುಚ್ಚಿಡಬಾರದು. ದೇಹದ ಸೆರೊಟೋನಿನ್‌ನಲ್ಲಿ ಸುಮಾರು ಶೇ. 90ರಷ್ಟು ಇರುವುದು ಕರುಳಿನಲ್ಲಿ. ವಾಕರಿಕೆ, ಹೊಟ್ಟೆ ಕೆಡುವುದು ಅದರಿಂದಲೇ, ಸಾಮಾನ್ಯವಾಗಿ ಒಂದೆರಡು ವಾರಗಳಲ್ಲಿ ಇಳಿಯುತ್ತದೆ. ಕೆಲವರಲ್ಲಿ ಚಡಪಡಿಕೆ ಹೆಚ್ಚಿ ನಿದ್ದೆ ಹಾರುತ್ತದೆ. ಆತಂಕ ಇರುವವರಿಗೆ ವೈದ್ಯರು ಸಣ್ಣ ಪ್ರಮಾಣದಿಂದ ಆರಂಭಿಸುವುದು ಇದಕ್ಕಾಗಿಯೇ. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ 2004ರಲ್ಲಿ ಮಕ್ಕಳು ಮತ್ತು ಹದಿಹರೆಯದವರಿಗೆ ಸಂಬಂಧಿಸಿದಂತೆ, 2007ರಲ್ಲಿ 24 ವರ್ಷದವರೆಗಿನವರನ್ನೂ ಸೇರಿಸಿ, ಚಿಕಿತ್ಸೆಯ ಆರಂಭದಲ್ಲಿ ಸಾಯುವ ಆಲೋಚನೆಗಳು ಹೆಚ್ಚಬಹುದೆಂಬ ಎಚ್ಚರಿಕೆಯನ್ನು ಕಡ್ಡಾಯ ಮಾಡಿತು. ಅಂಥ ಆಲೋಚನೆ ಯಾವ ವಯಸ್ಸಿನಲ್ಲಿ ಬಂದರೂ, ಕಾಯುವ ಮಾತು ಅದಕ್ಕೆ ಅನ್ವಯಿಸುವುದಿಲ್ಲ. ಅದೇ ದಿನ ವೈದ್ಯರಿಗೋ ತುರ್ತು ಚಿಕಿತ್ಸಾ ವಿಭಾಗಕ್ಕೋ ತಿಳಿಸಬೇಕು, ಮನೆಯವರಲ್ಲಿ ಒಬ್ಬರಿಗಾದರೂ ಹೇಳಿರಬೇಕು.

ಬೇಗ ಗುಣವಾಗಲೆಂದು ಎರಡು ಮಾತ್ರೆ ನುಂಗುವುದು ಮೆದುಳಿನ ಆ ತೇಲುಗುಂಡನ್ನು ಅವಸರಪಡಿಸುವುದಿಲ್ಲ, ವಾಕರಿಕೆಯನ್ನು ಮಾತ್ರ ಹೆಚ್ಚಿಸುತ್ತದೆ. ಮದ್ಯ ಆ ಸಂಜೆಯ ಆತಂಕವನ್ನು ಇಳಿಸಿ ಮರುದಿನ ಬೆಳಿಗ್ಗೆ ಬಡ್ಡಿ ಸಮೇತ ಮರಳಿಸುತ್ತದೆ. ತಕ್ಷಣ ಶಮನ ಕೊಡುವ ಮಾತ್ರೆಗಳನ್ನು ವೈದ್ಯರು ಕೆಲವು ದಿನಗಳ ಮಟ್ಟಿಗೆ ಕೊಡುವುದುಂಟು, ಅವು ಅಭ್ಯಾಸವಾಗಿಬಿಡುವ ಜಾತಿಯವು ಎಂಬ ಕಾರಣಕ್ಕೇ ಆ ಮಿತಿ.

ಎರಡನೆಯ ವಾರದ ಹೊತ್ತಿಗೆ ಸ್ವಲ್ಪವಾದರೂ ಬದಲಾವಣೆ ಕಂಡವರಲ್ಲಿ ಮುಂದೆ ಪೂರ್ತಿ ಫಲ ಸಿಗುವ ಸಾಧ್ಯತೆ ಹೆಚ್ಚು ಎಂಬುದು ಹಲವು ಪ್ರಯೋಗಗಳನ್ನು ಒಟ್ಟಿಗೆ ನೋಡಿದಾಗ ಕಂಡುಬಂದಿದೆ. ಆ ಬದಲಾವಣೆ ಸಂತೋಷದ ರೂಪದಲ್ಲೇ ಬರಬೇಕೆಂದಿಲ್ಲ. ನಿದ್ದೆ ಸ್ವಲ್ಪ ತುಂಬಿ ಬರುತ್ತದೆ, ಊಟ ರುಚಿಸುತ್ತದೆ, ಎಷ್ಟೋ ಸಲ ಅದು ರೋಗಿಗಿಂತ ಮೊದಲು ಮನೆಯವರ ಕಣ್ಣಿಗೇ ಬೀಳುತ್ತದೆ. ಹಾಗಾಗಿ ನಿದ್ದೆಯ ಗಂಟೆ, ಹೊರಗೆ ಹೋದದ್ದು, ಎತ್ತಿದ ಫೋನು, ಎತ್ತದೆ ಬಿಟ್ಟದ್ದು ಇವನ್ನು ದಿನಕ್ಕೊಂದು ಸಾಲಿನಂತೆ ಬರೆದಿಟ್ಟರೆ ಮುಂದಿನ ಭೇಟಿಯಲ್ಲಿ ವೈದ್ಯರಿಗೆ 'ಹಾಗೇ ಇದೆ' ಎಂಬ ಉತ್ತರಕ್ಕಿಂತ ಬಹಳ ಹೆಚ್ಚಿನದು ಸಿಗುತ್ತದೆ. ಮೊದಲ ಔಷಧಿಯಿಂದಲೇ ಲಕ್ಷಣಗಳು ಪೂರ್ತಿ ಹೋಗುವುದು ಸುಮಾರು ಮೂವರಲ್ಲಿ ಒಬ್ಬರಿಗೆ ಎಂದು ಅಮೆರಿಕದಲ್ಲಿ ನಡೆದು 2006ರಲ್ಲಿ ಫಲಿತಾಂಶ ಪ್ರಕಟವಾದ ದೊಡ್ಡ ಅಧ್ಯಯನ ತೋರಿಸಿತು. ಉಳಿದವರಿಗೆ ಪ್ರಮಾಣ ಏರಿಸುವುದೋ, ಔಷಧಿ ಬದಲಿಸುವುದೋ, ಮಾತಿನ ಚಿಕಿತ್ಸೆಯನ್ನು ಜೊತೆಗೂಡಿಸುವುದೋ ಎಂಬ ತೀರ್ಮಾನಕ್ಕೆ ಆಧಾರವಾಗುವುದು ಆ ಸಾಲುಗಳೇ.