ನಾರ್ವೆಯ ಕರಾವಳಿ ಹಡಗಿನಲ್ಲಿ ಡಿಸೆಂಬರಿನ ಒಂದು ದಿನ

ನಾರ್ವೆಯ ಬರ್ಗೆನ್ ಬಂದರಿನಿಂದ ಹೊರಟು, ರಷ್ಯಾದ ಗಡಿಗೆ ಸಮೀಪವಿರುವ ಕಿರ್ಕೆನೆಸ್‌ವರೆಗೆ 34 ಬಂದರುಗಳನ್ನು ಮುಟ್ಟುತ್ತ ಸಾಗುವ ಹಡಗು ಮಾರ್ಗದ ಹೆಸರು ಹುರ್ಟಿಗ್ರುಟೆನ್. ಹೋಗಿ ಬರಲು 12 ದಿನಗಳು ಹಿಡಿಯುತ್ತವೆ. ಪ್ರವಾಸಿಗರಿಗೆ ಅದು ವಿಹಾರದ ಹಡಗಾದರೂ ದಡದ ಊರುಗಳವರಿಗೆ ಬಸ್ಸೂ ಹೌದು, ಲಾರಿಯೂ ಹೌದು. ಚಳಿಗಾಲದಲ್ಲಿಯೂ ಈ ಸೇವೆ ನಿಲ್ಲುವುದಿಲ್ಲ. ಉತ್ತರಕ್ಕೆ ಹೋಗುವ ಹಡಗಿನ ನಾಲ್ಕನೆಯ ದಿನ, ಅದರಲ್ಲೂ ಡಿಸೆಂಬರಿನ ಮೂರನೆಯ ವಾರದಲ್ಲಿ, ಭೌತಶಾಸ್ತ್ರದ ದೃಷ್ಟಿಯಿಂದ ಇಡೀ ಪಯಣದಲ್ಲೇ ಸ್ವಾರಸ್ಯಕರವಾದದ್ದು. ಬೆಳಗ್ಗೆ ಆರ್ಕ್ಟಿಕ್ ವೃತ್ತ, ಮಧ್ಯಾಹ್ನ ಬೋಡೊ ಪಟ್ಟಣ, ಸಂಜೆ ವೆಸ್ಟ್‌ಫ್ಯೋರ್ಡ್ ಎಂಬ ತೆರೆದ ಕಡಲು, ರಾತ್ರಿ ಲೋಫೊಟೆನ್ ದ್ವೀಪಗಳ ಸ್ವೋಲ್ವೇರ್ ಬಂದರು, ಇಷ್ಟೂ ಆ ಒಂದೇ ದಿನದಲ್ಲಿ ಎದುರಾಗುತ್ತವೆ.

ಕತ್ತಲಲ್ಲಿ, ಸಾವಿರಾರು ಬಂಡೆಗಳ ನಡುವೆ ಹಡಗು ನಡೆಸಲು ಸಾಧ್ಯವೇ ಎಂಬ ಅನುಮಾನ ಒಂದು ಕಾಲದಲ್ಲಿ ನಾವಿಕರಿಗೇ ಇತ್ತು. 1893ರ ಜುಲೈ 2ರಂದು ಕ್ಯಾಪ್ಟನ್ ರಿಚರ್ಡ್ ವಿತ್ ‘ವೆಸ್ಟೆರೋಲೆನ್’ ಎಂಬ ಉಗಿಹಡಗನ್ನು ಟ್ರಾಂಡ್‌ಹೈಮ್‌ನಿಂದ ಹ್ಯಾಮರ್‌ಫೆಸ್ಟ್ ಕಡೆಗೆ ಹೊರಡಿಸಿದಾಗ ಆ ಉತ್ತರದ ದಂಡೆಯಲ್ಲಿದ್ದ ದೀಪಸ್ತಂಭಗಳು ತೀರ ವಿರಳ. ವಿತ್ ಮತ್ತು ಅವರ ಜೊತೆಗಾರ ಆಂಡರ್ಸ್ ಹೋಲ್ಟೆ ನಂಬಿದ್ದು ತಾವೇ ವರ್ಷಗಟ್ಟಲೆ ಬರೆದಿಟ್ಟುಕೊಂಡ ಟಿಪ್ಪಣಿಗಳನ್ನು. ದಿಕ್ಸೂಚಿಯ ಮುಳ್ಳು ಎತ್ತ ತೋರುವಾಗ, ಯಾವ ವೇಗದಲ್ಲಿ, ಎಷ್ಟು ಹೊತ್ತು ಸಾಗಿದರೆ ಮುಂದಿನ ತಿರುವು ಸಿಗುತ್ತದೆ ಎಂಬ ಲೆಕ್ಕವಷ್ಟೇ ಅದು. ಇಂದು ರೇಡಾರ್ ಮತ್ತು ಉಪಗ್ರಹಗಳು ಆ ಕೆಲಸ ಮಾಡುತ್ತವೆ. ಆದರೂ ಬಣ್ಣ ಬದಲಿಸುವ ದೀಪಗಳು ದಂಡೆಯಲ್ಲಿ ಇನ್ನೂ ಉರಿಯುತ್ತಿವೆ. ಸುರಕ್ಷಿತ ಕಾಲುವೆಯಲ್ಲಿರುವ ಹಡಗಿಗೆ ದೀಪ ಬಿಳಿಯಾಗಿ ಕಾಣುತ್ತದೆ. ಒಂದು ಬದಿಗೆ ಸರಿದರೆ ಅದೇ ದೀಪ ಕೆಂಪಾಗಿ, ಇನ್ನೊಂದು ಬದಿಗೆ ಸರಿದರೆ ಹಸಿರಾಗಿ ಕಾಣುತ್ತದೆ.

ಬೆಳಗಿನ ಜಾವ ಆರ್ಕ್ಟಿಕ್ ವೃತ್ತವನ್ನು ದಾಟುವಾಗ ಪ್ರಯಾಣಿಕರು ಡೆಕ್ಕಿಗೆ ಬಂದು ಪುಟ್ಟ ದ್ವೀಪವೊಂದರ ಮೇಲಿರುವ ಭೂಗೋಳದ ಮಾದರಿಯನ್ನು ನೋಡುತ್ತಾರೆ. ಇಲ್ಲಿಂದಾಚೆಗೆ ಡಿಸೆಂಬರಿನಲ್ಲಿ ಸೂರ್ಯನೇ ಇಲ್ಲ ಎಂದು ಹೇಳುವುದು ವಾಡಿಕೆ, ಆದರೆ ಅದು ಪೂರ್ತಿ ನಿಜವಲ್ಲ. ವಾತಾವರಣದಲ್ಲಿ ಬೆಳಕು ಬಾಗುವುದರಿಂದ ಕ್ಷಿತಿಜದ ಬಳಿಯ ಸೂರ್ಯ ಇರುವುದಕ್ಕಿಂತ ಸುಮಾರು ಅರ್ಧ ಡಿಗ್ರಿ ಮೇಲೆ ಕಾಣುತ್ತಾನೆ. ಅದಲ್ಲದೆ ಸೂರ್ಯ ಒಂದು ಬಿಂದುವಲ್ಲ, ಬಿಂಬ; ಅದರ ಮೇಲಂಚು ಕಂಡರೂ ಸೂರ್ಯ ಕಂಡಂತೆಯೇ. ಎರಡನ್ನೂ ಕೂಡಿಸಿದರೆ, ವೃತ್ತದಿಂದ ಸುಮಾರು 90 ಕಿಲೋಮೀಟರ್ ಉತ್ತರಕ್ಕೆ ಹೋಗುವವರೆಗೂ ವರ್ಷದ ಅತಿ ಚಿಕ್ಕ ದಿನದಂದು ಸಹ ನಡುಹಗಲಿನಲ್ಲಿ ಬಿಂಬದ ಅಂಚು ಕಾಣಬೇಕು. ಬೋಡೊ ಆ ಮಿತಿಯೊಳಗೇ ಇದೆ. ಅಲ್ಲಿ ಸೂರ್ಯನನ್ನು ಮರೆಮಾಡುವುದು ದಕ್ಷಿಣದ ಬೆಟ್ಟಗಳು.

ಸ್ವೋಲ್ವೇರ್‌ನಲ್ಲಾದರೆ ಸೂರ್ಯ ಹುಟ್ಟುವುದೇ ಇಲ್ಲದ, ನಿಜವಾದ ಧ್ರುವರಾತ್ರಿ. ಹಾಗೆಂದು ಅಲ್ಲಿ ಇಡೀ ದಿನ ಕಗ್ಗತ್ತಲೆ ಇರುವುದಿಲ್ಲ. ಸೂರ್ಯ ಕ್ಷಿತಿಜದ ಕೆಳಗೆ ಒಂದೆರಡು ಡಿಗ್ರಿಯಲ್ಲೇ ಓರೆಯಾಗಿ ಜಾರುವುದರಿಂದ, ನಮ್ಮ ಕಡೆ ಇಪ್ಪತ್ತು–ಇಪ್ಪತ್ತೈದು ನಿಮಿಷಗಳಲ್ಲಿ ಮುಗಿದುಹೋಗುವ ಮುಸ್ಸಂಜೆಯ ಬೆಳಕು ಅಲ್ಲಿ ಐದು ಗಂಟೆಗಳಷ್ಟು ಕಾಲ ನಿಲ್ಲುತ್ತದೆ. ಆಗ ಹಿಮದ ಮೇಲೂ ನೀರಿನ ಮೇಲೂ ಹರಡುವ ದಟ್ಟ ನೀಲಿಗೆ, ಗಾಳಿಯ ಅಣುಗಳು ನೀಲಿ ಬೆಳಕನ್ನು ಹೆಚ್ಚು ಚದುರಿಸುತ್ತವೆ ಎಂಬ ಹಗಲಿನ ಆಕಾಶದ ನೀಲಿಯ ವಿವರಣೆಯೊಂದೇ ಸಾಲದು. ಸಂಜೆಯ ಕಿರಣಗಳು ವಾತಾವರಣದಲ್ಲಿ ಬಹುದೂರ ಹಾಯ್ದು ಬರುವಾಗ ಚದುರಿಕೆಯಿಂದ ನೀಲಿಯನ್ನು ಕಳೆದುಕೊಂಡಿರುತ್ತವೆ. ಆ ಲೆಕ್ಕದ ಪ್ರಕಾರ ನೆತ್ತಿಯ ಮೇಲಿನ ಆಕಾಶ ಮಸುಕು ಹಳದಿಯಾಗಬೇಕಿತ್ತು. 1953ರಲ್ಲಿ ಅಮೆರಿಕದ ಭೌತವಿಜ್ಞಾನಿ ಎಡ್ವರ್ಡ್ ಹಲ್ಬರ್ಟ್ ಇದರ ಕಾರಣವನ್ನು ತೋರಿಸಿದರು. ಆ ದೀರ್ಘ ದಾರಿಯಲ್ಲಿ ಓಝೋನ್ ಪದರವು ಕಿತ್ತಳೆ ಮತ್ತು ಹಳದಿ ಬೆಳಕನ್ನು ಹೀರಿಕೊಳ್ಳುತ್ತದೆ, ಉಳಿಯುವುದು ನೀಲಿ. ಅತಿನೇರಳೆ ಕಿರಣಗಳನ್ನು ತಡೆಯುವುದಕ್ಕಷ್ಟೇ ಓಝೋನನ್ನು ನೆನೆಯುವ ನಾವು ಅದರ ಈ ಎರಡನೆಯ ಕೆಲಸವನ್ನು ಗಮನಿಸುವುದೇ ಇಲ್ಲ.

ಬೆಳಕಿನ ಕೊರತೆಗೆ ಅಕ್ಷಾಂಶ ಕಾರಣವಾದರೆ, ಹಡಗು ಅಲ್ಲಿ ತೇಲುವುದಕ್ಕೆ ಕಾರಣ ಕಡಲಿನ ಶಾಖ. ಬೋಡೊ ಮತ್ತು ಸೈಬೀರಿಯಾದ ವರ್ಖೋಯಾನ್ಸ್ಕ್ ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ. ಜನವರಿಯಲ್ಲಿ ವರ್ಖೋಯಾನ್ಸ್ಕ್‌ನ ಸರಾಸರಿ ತಾಪಮಾನ ಮೈನಸ್ 45 ಡಿಗ್ರಿಯ ಆಸುಪಾಸಿನಲ್ಲಿದ್ದರೆ, ಬೋಡೊದಲ್ಲಿ ಅದು ಶೂನ್ಯಕ್ಕಿಂತ ಒಂದೆರಡು ಡಿಗ್ರಿ ಮಾತ್ರ ಕೆಳಗೆ. ಇದರ ಕೀರ್ತಿಯನ್ನೆಲ್ಲ ಅಟ್ಲಾಂಟಿಕ್‌ನ ಬೆಚ್ಚನೆಯ ಪ್ರವಾಹವಾದ ಗಲ್ಫ್ ಸ್ಟ್ರೀಮ್ ಎಂಬ ಒಂದೇ ಹೆಸರಿಗೆ ಕಟ್ಟುವುದು ಶಾಲಾಪುಸ್ತಕಗಳ ಸರಳೀಕರಣ. ಬೇಸಿಗೆಯ ಬಿಸಿಯನ್ನು ಕೂಡಿಟ್ಟುಕೊಂಡು ಚಳಿಗಾಲದಲ್ಲಿ ಬಿಡುವ ಸಾಗರ, ಆ ಬಿಸಿಯನ್ನು ದಡಕ್ಕೆ ತರುವ ಪಶ್ಚಿಮದ ಗಾಳಿ, ಅಟ್ಲಾಂಟಿಕ್ ನೀರನ್ನು ಉತ್ತರಕ್ಕೆ ಸಾಗಿಸುವ ಪ್ರವಾಹ, ಈ ಮೂರೂ ಸೇರಿ ಆಗುವ ಕೆಲಸವಿದು. ಆದರೆ ಇಷ್ಟು ಉತ್ತರದ ಕಡಲು ಹೆಪ್ಪುಗಟ್ಟದೆ ಉಳಿಯಲು ಪ್ರವಾಹದ ಪಾತ್ರವೇ ದೊಡ್ಡದು.

ಉಪ್ಪಿನದೂ ಒಂದು ಪಾತ್ರವಿದೆ. ಸಿಹಿನೀರು 4 ಡಿಗ್ರಿಯಲ್ಲಿ ಅತ್ಯಂತ ಭಾರ; ಇನ್ನೂ ತಣಿದರೆ ಹಗುರವಾಗಿ ಮೇಲೆಯೇ ಉಳಿಯುವುದರಿಂದ ಸರೋವರದ ಮೇಲ್ಮೈ ಬೇಗನೆ ಹೆಪ್ಪುಗಟ್ಟುತ್ತದೆ. ಸಾಗರದ ನೀರು ಹಾಗಲ್ಲ, ಸುಮಾರು ಮೈನಸ್ 1.9 ಡಿಗ್ರಿಯಲ್ಲಿ ಹೆಪ್ಪುಗಟ್ಟುವವರೆಗೂ ಅದು ಭಾರವಾಗುತ್ತಲೇ ಹೋಗುತ್ತದೆ. ತಣಿದ ಮೇಲ್ನೀರು ಮುಳುಗಿ ಅದರ ಜಾಗಕ್ಕೆ ಅಡಿಯಿಂದ ಬೆಚ್ಚನೆಯ ನೀರು ಬರುತ್ತದೆ, ಹೀಗಾಗಿ ಮೇಲ್ಮೈ ಗಟ್ಟಿಯಾಗುವ ಮೊದಲು ಆಳದವರೆಗಿನ ನೀರೆಲ್ಲ ತಣಿಯಬೇಕು. ನದಿಗಳ ಸಿಹಿನೀರು ತೆಳುವಾಗಿ ಹರಡಿರುವ ಕೆಲವು ಫ್ಯೋರ್ಡ್‌ಗಳ (ನೆಲದೊಳಕ್ಕೆ ಚಾಚಿಕೊಂಡ ಇಕ್ಕಟ್ಟಾದ ಕಡಲತೋಳುಗಳ) ಒಳತುದಿಗಳು ಮಾತ್ರ ಇದಕ್ಕೆ ಹೊರತು. ಅಲ್ಲಿ ಮಂಜುಗಡ್ಡೆ ಕಟ್ಟುತ್ತದೆ.

ಬೋಡೊ ಬಿಟ್ಟು ವೆಸ್ಟ್‌ಫ್ಯೋರ್ಡ್‌ಗೆ ಬಂದಾಗ ಐದಾರು ಡಿಗ್ರಿಯ ನೀರಿನ ಮೇಲೆ ಮೈನಸ್ ಹತ್ತರ ಒಣಗಾಳಿ ಬೀಸಿತೆನ್ನಿ, ಕುದಿಯುವ ಹಂಡೆಯಂತೆ ಕಡಲಿನಿಂದ ಹೊಗೆಯೇಳುತ್ತದೆ. ನೀರಿನಿಂದ ಎದ್ದ ಆವಿ ಕೂಡಲೇ ತಣಿದು ಹನಿಗಟ್ಟುವುದರ ಫಲವಿದು. ಇದು ಕಣ್ಣಿಗೆ ಚೆಂದ. ಆದರೆ ಗಾಳಿ ಜೋರಾದರೆ ಅದೇ ಚಳಿ ಅಪಾಯ ತರುತ್ತದೆ. ಅಲೆಯ ತುಂತುರು ಕಂಬಿಗಳಿಗೆ, ಹಗ್ಗಗಳಿಗೆ, ಡೆಕ್ಕಿನ ನೆಲಕ್ಕೆ ಬಡಿದ ಕ್ಷಣವೇ ಗಡ್ಡೆಕಟ್ಟುತ್ತದೆ. ಬೆರಳು ದಪ್ಪದ ಹಗ್ಗ ತೋಳಿನಷ್ಟಾಗುತ್ತದೆ. ಮೇಲ್ಭಾಗದಲ್ಲಿ ತೂಕ ಏರಿದಂತೆ ಹಡಗಿನ ಗುರುತ್ವಕೇಂದ್ರವೂ ಮೇಲೇರಿ, ಒಮ್ಮೆ ವಾಲಿದರೆ ಮತ್ತೆ ನೆಟ್ಟಗಾಗುವ ಶಕ್ತಿ ಕುಗ್ಗುತ್ತದೆ. ದೊಡ್ಡ ಹಡಗು ಇದನ್ನು ತಾಳಿಕೊಳ್ಳುತ್ತದೆ, ಚಿಕ್ಕ ಮೀನುಗಾರಿಕೆ ದೋಣಿಗಳು ಮಗುಚುವುದುಂಟು. ಆರ್ಕ್ಟಿಕ್ ಮಂಜುಹಾಸಿನ ಮೇಲಿಂದ ಬರುವ ಕೊರೆಗಾಳಿ ಬೆಚ್ಚನೆಯ ಕಡಲನ್ನು ತಲಪಿದಾಗ ಹುಟ್ಟುವ ಕಿರು ಚಂಡಮಾರುತಗಳೂ ಇದೇ ತಾಪಾಂತರದ ಮಕ್ಕಳೇ. ಅವು ಕೆಲವೇ ಗಂಟೆಗಳಲ್ಲಿ ಬಲಿತು, ಒಂದೆರಡು ದಿನಗಳಲ್ಲಿ ಅಡಗುತ್ತವೆ.

ಆಕಾಶ ತಿಳಿಯಾಗಿದ್ದ ರಾತ್ರಿ ಧ್ವನಿವರ್ಧಕದಲ್ಲಿ ಧ್ರುವಪ್ರಭೆಯ, ಅಂದರೆ ಧ್ರುವಗಳ ಬಳಿ ಆಗಸದಲ್ಲಿ ಮೂಡುವ ಬಣ್ಣದ ಬೆಳಕಿನ, ಸೂಚನೆ ಬರುತ್ತದೆ. ಸೂರ್ಯನಿಂದ ಹೊರಟ ವಿದ್ಯುದಾವಿಷ್ಟ ಕಣಗಳು ಭೂಮಿಯ ಕಾಂತಕ್ಷೇತ್ರಕ್ಕೆ ಸಿಲುಕಿ ಧ್ರುವಗಳತ್ತ ಹರಿಯುತ್ತವೆ ಎಂಬ ವಿಚಾರವನ್ನು ನಾರ್ವೆಯವರೇ ಆದ ವಿಜ್ಞಾನಿ ಕ್ರಿಸ್ಟಿಯನ್ ಬಿರ್ಕೆಲಾಂಡ್, ನಿರ್ವಾತ ಪೆಟ್ಟಿಗೆಯಲ್ಲಿ ಕಾಂತಗೋಲವನ್ನಿಟ್ಟು ಪ್ರಯೋಗದಿಂದ ತೋರಿಸಿದ್ದರು. ಕಾರ್ಲ್ ಸ್ಟೋರ್ಮರ್ ಎಂಬ ಗಣಿತಜ್ಞ 1910ರಲ್ಲಿ ಇದೇ ಉತ್ತರದ ನೆಲದಲ್ಲಿ ಎರಡು ಕಡೆಗಳಿಂದ ಏಕಕಾಲಕ್ಕೆ ಫೋಟೊ ತೆಗೆಸಿ, ನಕ್ಷತ್ರಗಳ ಹಿನ್ನೆಲೆಯಲ್ಲಿ ಪ್ರಭೆ ಎಷ್ಟು ಸರಿದಂತೆ ಕಾಣುತ್ತದೆ ಎಂಬುದರಿಂದ ಅದರ ಎತ್ತರವನ್ನು ಅಳೆದರು. ಅದರ ಕೆಳಅಂಚು ಸುಮಾರು 100 ಕಿಲೋಮೀಟರ್ ಎತ್ತರದಲ್ಲಿರುತ್ತದೆ. ಹಸಿರು ಬಣ್ಣ ಆ ಕಣಗಳ ಹೊಡೆತದಿಂದ ಶಕ್ತಿ ಪಡೆದ ಆಮ್ಲಜನಕದ ಪರಮಾಣುವಿನದು, 200 ಕಿಲೋಮೀಟರಿಗಿಂತ ಮೇಲಿನ ಕೆಂಪೂ ಅದರದ್ದೇ. ಕೆಂಪು ಹೊಮ್ಮಿಸಲು ಪರಮಾಣುವಿಗೆ ಒಂದೂವರೆ ನಿಮಿಷಕ್ಕೂ ಹೆಚ್ಚು ಸಮಯ ಬೇಕು. ಗಾಳಿ ದಟ್ಟವಾಗಿರುವ ಕೆಳಗಿನ ಪದರದಲ್ಲಿ ಅಷ್ಟರೊಳಗೆ ಬೇರೊಂದು ಕಣ ಡಿಕ್ಕಿ ಹೊಡೆದು ಆ ಶಕ್ತಿಯನ್ನು ಕಸಿದುಕೊಳ್ಳುತ್ತದೆ. ಮಸುಕಾದ ಪ್ರಭೆ ಬರಿಗಣ್ಣಿಗೆ ಬೂದಿಬಣ್ಣದ ಮೋಡದಂತೆ ಕಾಣುತ್ತದೆ, ಏಕೆಂದರೆ ಮಂದ ಬೆಳಕಿನಲ್ಲಿ ನಮ್ಮ ಕಣ್ಣು ಬಣ್ಣ ಗುರುತಿಸದು. ಫೋಟೊಗಳನ್ನು ನಂಬಿ ಹೋದವರ ನಿರಾಶೆಗೆ ಇದೇ ಮೂಲ.

ಸ್ವೋಲ್ವೇರ್ ಧಕ್ಕೆಗೆ ಹಡಗು ತಾಗಿದೊಡನೆ ಪಕ್ಕೆಯ ಬಾಗಿಲು ತೆರೆದು ಫೋರ್ಕ್‌ಲಿಫ್ಟ್ ಗಾಡಿಗಳು ಸರಕು ಸಾಗಿಸತೊಡಗುತ್ತವೆ. ದಂಡೆಯಲ್ಲಿ ನಿಂತ ಮರದ ಅಟ್ಟಗಳು ಡಿಸೆಂಬರಿನಲ್ಲಿ ಖಾಲಿ. ಹೊಸವರ್ಷ ಕಳೆದ ಮೇಲೆ ಕಾಡ್ ಮೀನುಗಳು ಬ್ಯಾರೆಂಟ್ಸ್ ಸಮುದ್ರದಿಂದ ನೂರಾರು ಕಿಲೋಮೀಟರ್ ಈಜಿ ಮೊಟ್ಟೆಯಿಡಲು ಇಲ್ಲಿಗೆ ಬರುತ್ತವೆ. ಅವಕ್ಕೆ ಬೇಕಾದ ನಾಲ್ಕರಿಂದ ಆರು ಡಿಗ್ರಿಯ ನೀರು ಇಲ್ಲಿ ಸಿಗುತ್ತದೆ. ಹಿಡಿದ ಮೀನನ್ನು ಬಾಲಕ್ಕೆ ಬಾಲ ಕಟ್ಟಿ, ಉಪ್ಪು ಸವರದೆ, ಫೆಬ್ರವರಿಯಿಂದ ಮೇವರೆಗೆ ಆ ಅಟ್ಟಗಳ ಮೇಲೆ ಗಾಳಿಗೆ ತೂಗುಹಾಕುತ್ತಾರೆ. ಚಳಿ ಅತಿಯಾದರೆ ಮಂಜಿನ ಹರಳು ಮಾಂಸವನ್ನು ಸೀಳುತ್ತದೆ, ಬಿಸಿ ಏರಿದರೆ ನೊಣ ಮುತ್ತಿ ಮೀನು ಕೊಳೆಯುತ್ತದೆ. ತಾಪಮಾನ ಶೂನ್ಯದ ಆಚೀಚೆ ತಿಂಗಳುಗಟ್ಟಲೆ ನಿಲ್ಲುವಂತೆ ನೋಡಿಕೊಳ್ಳುವುದು ಪಕ್ಕದ ಕಡಲು. ಒಣಗಿದ ಮೀನಿನಲ್ಲಿ ಉತ್ತಮ ದರ್ಜೆಯದು ಇಟಲಿಗೂ, ಬೇರೆಯಾಗಿ ಒಣಗಿಸಿದ ತಲೆಗಳು ಸಾರಿಗೆಂದು ನೈಜೀರಿಯಾಕ್ಕೂ ರವಾನೆಯಾಗುತ್ತವೆ.